ಸತ್ತ ರಾಜನಿಗೆ ಒನ್ಸ್ ಮೋರ್

ನಮ್ಮ ಕಡೆ ‘ನೋಡೋಣ’ ಅಂದರೆ ‘ಆಗಲ್ಲ’ ಎಂದು ಅರ್ಥ. ಮದುವೆಗೆ ಕರೆದರೆ ನೋಡೋಣ, ಸೈಟು ತೋರಿಸಿದರೆ ನೋಡೋಣ, ಹೆಣ್ಣು ಒಪ್ಪಿಗೆಯಾಗದಿದ್ದರೂ ನೋಡೋಣ. ಎದುರಿಗಿದ್ದವರಿಗೆ ನೋವಾಗಬಾರದು, ತನ್ನ ಜುಟ್ಟೂ ಸಿಕ್ಕಬಾರದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಗಂಟಲಿನ ಗಂಟಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡಬೇಡಿ ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗ ಅಪ್ಪ ಕೈಮುಗಿದು ಹೇಳಿದ್ದೂ ಅದನ್ನೇ. ‘ನೋಡೋಣ ಸಾರ್.’ ಡಾಕ್ಟರು ಹುಬ್ಬಳ್ಳಿ ಕಡೆಯವರು. ಅದನ್ನು ಒಪ್ಪಿಗೆ ಅಂದುಕೊಂಡು ‘ವೆರಿ ಗುಡ್’ ಎಂದು ಅಪ್ಪನ ಬೆನ್ನು ತಟ್ಟಿದರು. ನಾನು ಪಕ್ಕದಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಅಪ್ಪ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವನು. ಅದು ಹೊಟ್ಟೆಪಾಡು. ಅವನ ನಿಜವಾದ ಕಸುಬು ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡುವುದು. ಗುಬ್ಬಿಯ ನೀರು ಕುಡಿದವರಿಗೆ ನಾಟಕದ ಹುಚ್ಚು ಹಿಡಿಯುವುದು ದೊಡ್ಡ ವಿಷಯವಲ್ಲ. ಅಪ್ಪನಿಗೆ ಹಿಡಿದದ್ದು ಬಿಡಲೇ ಇಲ್ಲ ಅಷ್ಟೆ. ಅವನ ಖಾಯಂ ಪಾರ್ಟು ರಣರಂಗದಲ್ಲಿ ಬಿದ್ದು ಸಾಯುವ ಮುದಿ ರಾಜನದು. ಸಾಯುವ ಮುಂಚೆ ಒಂದು ಉದ್ದನೆಯ ಕಂದಪದ್ಯ, ಆಮೇಲೆ ಹಾಡು, ಆಮೇಲೆ ಮಗನನ್ನು ಕರೆದು ನಾಲ್ಕು ಮಾತು, ಆಮೇಲೆ ಪ್ರಾಣ. ಮೈಕು ಕೆಟ್ಟರೂ ಕೊನೆಯ ಸಾಲಿನಲ್ಲಿ ಕೂತವನಿಗೆ ಕೇಳುವಂಥ ಗಂಟಲು. ಆ ಗಂಟಲಿಗೆ ವರ್ಷವಿಡೀ ಜ್ಯೇಷ್ಠಮಧು, ಕಲ್ಲುಸಕ್ಕರೆ, ಮೆಣಸಿನ ಕಷಾಯ. ಅದು ಒಡೆಯಲು ಶುರುವಾದಾಗಲೂ ‘ಗಂಟ್ಲು ಕಟ್ಟೈತೆ, ಅಷ್ಟೇಯ’ ಎಂದು ಕಷಾಯ ಕುಡಿದೇ ಕಾಲ ಕಳೆದ.

ನಾನು ಮೊದಲ ಸಲ ಅಪ್ಪ ಸಾಯುವುದನ್ನು ನೋಡಿದಾಗ ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಅಮ್ಮನ ಮಡಿಲಿನಲ್ಲಿ ಕೂತು ಎದೆಯೊಡೆದು ಅತ್ತೆ. ಅಮ್ಮ ಎಷ್ಟು ಸಮಾಧಾನ ಮಾಡಿದರೂ ನಿಲ್ಲಲಿಲ್ಲ. ಅಷ್ಟರಲ್ಲಿ ಗಂಡಸರ ಕಡೆಯಿಂದ ಯಾರೋ ಶಿಳ್ಳೆ ಹಾಕಿ ‘ಒನ್ಸ್ ಮೋರ್’ ಎಂದು ಕೂಗಿದರು. ಹತ್ತಾರು ಜನ ದನಿಗೂಡಿಸಿದರು. ನಾಟಕದಲ್ಲಿ ಜನ ಹಾಗೆ ಕೇಳಿದರೆ ಇಲ್ಲವೆನ್ನುವಂತಿಲ್ಲ. ಸತ್ತು ಬಿದ್ದಿದ್ದ ಅಪ್ಪ ಎದ್ದು ಕೂತ, ಮೈಮೇಲಿನ ಧೂಳು ಕೊಡವಿದ, ಹಾರ್ಮೋನಿಯಂ ಮೇಷ್ಟ್ರಿಗೆ ಕಣ್ಣು ಹೊಡೆದ, ಅದೇ ಹಾಡು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸತ್ತ. ಆಗ ನನಗೆ ಆದದ್ದು ಖುಷಿಯಲ್ಲ, ಸಿಟ್ಟು. ನನ್ನ ಕಣ್ಣೀರನ್ನೆಲ್ಲ ಸುಮ್ಮನೆ ಕಿತ್ತುಕೊಂಡರು ಅನ್ನಿಸಿತು. ಮನೆಗೆ ಬಂದ ಅಪ್ಪನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಅಂದಿನಿಂದ ಅಳಿಸಲು ಬರುವ ಯಾವುದನ್ನೂ ನಾನು ನಂಬುವುದಿಲ್ಲ. ಧಾರಾವಾಹಿ ನೋಡುವುದಿಲ್ಲ. ಪಿಟೀಲು ಶುರುವಾದರೆ ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕುತ್ತೇನೆ. ವಿಜ್ಞಾನದ ಟೀಚರ್ ಆದದ್ದೂ ಅದಕ್ಕೇ ಇರಬಹುದು. ಮನೆ ತುಮಕೂರಿನಲ್ಲಿ, ಹೈಸ್ಕೂಲು ಕುಣಿಗಲ್ಲಿನಲ್ಲಿ. ದಿನಾ ಹೋಗಿ ಬರುವ ಬಸ್ಸು. ಆ ತಿಂಗಳು ಅದರ ಜೊತೆಗೆ ಸ್ಕ್ಯಾನಿಂಗಿಗೆ ಬೆಂಗಳೂರು, ಅಪ್ಪನ ಬಟ್ಟೆ ತರಲು ಗುಬ್ಬಿ. ಬಸ್ಸಿನಲ್ಲಿ ಕೂತರೂ ಕಾಲು ತಾನಾಗಿ ಕುಣಿಯುತ್ತಿತ್ತು. ಕುಣಿಗಲ್ ಕೆರೆ ಏರಿ ಬಂದರೆ ಕಿಟಕಿಯಿಂದ ನೋಡುವ ಅಭ್ಯಾಸವಿತ್ತು. ಆ ತಿಂಗಳು ಕೆರೆಯಲ್ಲಿ ನೀರಿತ್ತೋ ಇಲ್ಲವೋ ಕೇಳಿದರೆ ಹೇಳಲಾರೆ. ತಲೆಯಲ್ಲಿ ಒಂದೇ ಲೆಕ್ಕ, ಇವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪಲಿಲ್ಲ.

ಪರೀಕ್ಷೆಗಳಿಗೆಂದು ಅಪ್ಪನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಅಮ್ಮ ಗುಬ್ಬಿಯಲ್ಲಿ ಹಸು ಬಿಟ್ಟು ಬರುವ ಹಾಗಿರಲಿಲ್ಲ. ನಾನು ದಿನವೂ ಸ್ಕೂಲಿನಿಂದ ಬಂದವಳೇ ಬ್ಯಾಗು ಇಳಿಸುವ ಮುಂಚೆ ಪಾಠ ಶುರು ಮಾಡುತ್ತಿದ್ದೆ. ಶ್ವಾಸನಾಳ ಇಲ್ಲಿದೆ, ಅನ್ನನಾಳ ಇಲ್ಲಿದೆ, ಕತ್ತಿನಲ್ಲಿ ಒಂದು ತೂತು ಇಡುತ್ತಾರೆ, ಉಸಿರು ಅದರಿಂದ, ಊಟ ಬಾಯಿಂದಲೇ, ಆಮೇಲೆ ಒಂದು ಮಿಷನ್ ಹಿಡಿದು ಅಷ್ಟಿಷ್ಟು ಮಾತಾಡುವುದನ್ನೂ ಕಲಿಸುತ್ತಾರೆ. ಹಾಳೆಯ ಮೇಲೆ ಚಿತ್ರ ಬರೆದು ಬಾಣದ ಗುರುತು ಹಾಕಿ ತೋರಿಸಿದೆ. ಅಪ್ಪ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತಿದ್ದ. ಕೊನೆಗೆ ಒಡಕು ದನಿಯಲ್ಲಿ ‘ನೋಡೋಣ ಬುಡವ್ವ’ ಅನ್ನುತ್ತಿದ್ದ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ, ಮುದ್ದೆ ಉಂಡಾದ ಮೇಲೆ, ನಮ್ಮ ಮನೆಯವರು ಟೀವಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಸಿನಿಮಾ ಹಾಕಿದರು. ಆಕಾಶದಲ್ಲಿ ನೌಕೆಗಳು ಗುದ್ದಾಡುವ ಕಥೆ. ಹುಡುಗನಾಗಿದ್ದಾಗ ತುಮಕೂರಿನ ಟಾಕೀಸಿನಲ್ಲಿ ಅದನ್ನು ನೋಡಿ ಕರ್ಚೀಫು ಒದ್ದೆ ಮಾಡಿಕೊಂಡದ್ದನ್ನು ಅವರು ಮದುವೆಯಾದ ಹೊಸತರಲ್ಲೇ ನನಗೆ ಹೇಳಿದ್ದರು. ಹೇಳಬಾರದಿತ್ತು, ನಾನು ಈಗಲೂ ರೇಗಿಸುತ್ತೇನೆ. ಅಪ್ಪನಿಗೆ ಇಂಗ್ಲಿಷು ಬಾರದು ಎಂದು ಅವರು ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಲು ಹೋದರು.

‘ಸುಮ್ನಿರಪ್ಪ, ಅರ್ಥ ಆಯ್ತೈತೆ,’ ಅಂದ ಅಪ್ಪ. ‘ಆ ಕರೀ ಅಂಗಿಯೋನು ಖಳ. ಈ ಮುದುಕಂಗೂ ಅವನಿಗೂ ಹಳೇ ವೈರ. ಆ ಹೆಣ್ಣುಮಗು ಮುದುಕನ ಮಗಳು. ನೋಡ್ತಾ ಇರು, ಮುದುಕ ಉಳಿಯಲ್ಲ.’

‘ಮಾವ, ನೀವು ಮುಂಚೆ ನೋಡಿದ್ರಾ?’

‘ಎಲ್ಲಿ ನೋಡಾನ? ಅವನು ನಿಂತಿರೋ ವರಸೇಲೇ ಗೊತ್ತಾಗಲ್ವಾ?’

ನನಗೆ ಕೂರಲಾಗಲಿಲ್ಲ. ಒಣಗಿದ ಬಟ್ಟೆ ಮಡಚಿದೆ, ಬಿಚ್ಚಿ ಮತ್ತೆ ಮಡಚಿದೆ. ಅಡುಗೆಮನೆಗೂ ಹಾಲಿಗೂ ಓಡಾಡುತ್ತಾ ಸಿನಿಮಾದ ತಪ್ಪು ಹುಡುಕಿದೆ. ಅಲ್ಲಿ ಗಾಳಿಯೇ ಇಲ್ಲ, ಬಾಂಬು ಸಿಡಿದ ಸದ್ದು ಎಲ್ಲಿಂದ ಬಂತು? ಬೆಂಕಿ ನಾಲಗೆ ಚಾಚಿ ಮೇಲಕ್ಕೆ ಉರಿಯುವುದು ಹೇಗೆ? ಮೇಲು ಯಾವುದು, ಕೆಳಗು ಯಾವುದು? ಒಂಬತ್ತನೇ ಕ್ಲಾಸಿನ ಮಕ್ಕಳು ಹೀಗೆ ಬರೆದರೆ ಸೊನ್ನೆ ಹಾಕುತ್ತೇನೆ ಅಂದೆ.

‘ನಮ್ ನಾಟಕದಾಗೆ ಯುದ್ಧಭೂಮಿಗೆ ಹಾರ್ಮೋನಿ ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಕೇಳಿದ್ಯಾ?’ ಅಂದ ಅಪ್ಪ, ಟೀವಿಯಿಂದ ಕಣ್ಣು ತೆಗೆಯದೆ.

ಕೇಳಿದ್ದೆ. ಅವನಿಗೆ ನೆನಪಿರಲಿಲ್ಲ.

ಆಮೇಲೆ ಆ ಸೀನು ಬಂತು. ಮುದುಕ ಕ್ಯಾಪ್ಟನ್ನು ಉರಿಯುತ್ತಿರುವ ದೊಡ್ಡ ನೌಕೆಯಲ್ಲಿ ಒಬ್ಬನೇ ಉಳಿದಿದ್ದಾನೆ. ಮಗಳನ್ನು ಬಲವಂತವಾಗಿ ಒಂದು ಸಣ್ಣ ನೌಕೆಯಲ್ಲಿ ಕೂರಿಸಿ ಆಚೆಗೆ ತಳ್ಳಿಬಿಟ್ಟಿದ್ದಾನೆ. ಅವನ ರೇಡಿಯೊ ಅರ್ಧ ಕೆಟ್ಟಿದೆ. ಮಗಳು ಆಡುವುದು ಅವನಿಗೆ ಕೇಳುತ್ತದೆ, ಅವನು ಆಡುವುದು ಅವಳಿಗೆ ಕೇಳುವುದಿಲ್ಲ. ಮಗಳು ಅಳುತ್ತಾ ಒಂದೇ ಸಮನೆ ಮಾತಾಡುತ್ತಾಳೆ. ಅವನು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಕೊನೆಗೆ ಕಿಟಕಿಯ ದೀಪದ ಸ್ವಿಚ್ಚಿಗೆ ಕೈ ಹಾಕಿ ಆರಿಸುತ್ತಾನೆ, ಹಚ್ಚುತ್ತಾನೆ, ಆರಿಸುತ್ತಾನೆ, ಹಚ್ಚುತ್ತಾನೆ. ಅಲ್ಲಿರುವ ಪಿಟೀಲುಗಳೆಲ್ಲ ಒಟ್ಟಿಗೆ ಹೊಯ್ದುಕೊಳ್ಳುತ್ತವೆ. ದೀಪ ಆರುತ್ತದೆ. ಮತ್ತೆ ಹತ್ತುವುದಿಲ್ಲ.

ಇದಕ್ಕಿಂತ ನಾಚಿಕೆಗೆಟ್ಟ ಸೀನು ಇನ್ನೊಂದಿಲ್ಲ. ಅಳಿಸಲೆಂದೇ ಮಾಡಿದ್ದು, ಮುಚ್ಚುಮರೆಯೇ ಇಲ್ಲ. ರೇಡಿಯೊ ಒಂದೇ ಕಡೆ ಕೆಡುವುದು ಏಕೆ ಎಂದು ಕೇಳಬೇಕು ಅಂದುಕೊಂಡೆ. ಕೇಳುವ ಬದಲು ಮಡಚಿದ್ದ ಬಟ್ಟೆಯನ್ನೇ ಮತ್ತೆ ಕೈಗೆತ್ತಿಕೊಂಡೆ. ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದ. ಇದ್ದಕ್ಕಿದ್ದಂತೆ ಕೈ ಎತ್ತಿ, ಇದ್ದ ಒಡಕು ದನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದ.

‘ಒನ್ಸ್ ಮೋರ್!’

ನಮ್ಮ ಮನೆಯವರು ತಕ್ಷಣ ರಿಮೋಟು ಒತ್ತಿದರು. ನೌಕೆ ಹಿಂದಕ್ಕೆ ಬಂತು, ಮುದುಕ ಬದುಕಿದ. ಮತ್ತೆ ದೀಪ ಹತ್ತಿತು, ಆರಿತು, ಮುದುಕ ಸತ್ತ. ‘ಏನ್ ಪಾರ್ಟು ಮಾಡವ್ನಪ್ಪ!’ ಎಂದು ಅಪ್ಪ ತೊಡೆ ತಟ್ಟಿದ. ‘ಒಂದು ಮಾತಿಲ್ಲ, ಒಂದು ಪದ ಇಲ್ಲ. ಒನ್ಸ್ ಮೋರ್!’

ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಎಸೆದೆ. ರಿಮೋಟು ಕಿತ್ತುಕೊಂಡು ಟೀವಿ ಆರಿಸಿದೆ.

‘ಆಸ್ಪತ್ರೇಲಿ ಒನ್ಸ್ ಮೋರ್ ಇಲ್ಲ ಅಪ್ಪ! ಅಲ್ಲಿ ಸತ್ರೆ ಸತ್ತಂಗೇ. ಯಾರು ಎಷ್ಟು ಕಿರುಚಿದ್ರೂ ಎದ್ದು ಬರಕ್ಕಾಗಲ್ಲ. ನಿನಗೆ ಗಂಟ್ಲೇ ದೊಡ್ಡದಾಯ್ತು ಅಲ್ವಾ? ನಾನು ಬೇಡ್ವಾ? ಅಮ್ಮ ಬೇಡ್ವಾ? ನೀನು ಹೋದ್ರೆ ನಾನು ಯಾರನ್ನ ಅಪ್ಪ ಅನ್ಲಿ?’

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ನನಗೇ ಗೊತ್ತಾಯಿತು, ಅದು ಅಪ್ಪಟ ನಾಟಕದ ಡೈಲಾಗು. ಪಿಟೀಲೊಂದು ಕಡಿಮೆ. ನಾನು ಹಾಲಿನ ನಡುವೆ ನಿಂತು, ತಲೆಗೂದಲು ಕೆದರಿಕೊಂಡು, ಎರಡೂ ಕೈ ಚಾಚಿ ಅಳುತ್ತಿದ್ದೆ. ಇಷ್ಟು ದಿನ ಬಾಣದ ಗುರುತು ಹಾಕಿ ಶ್ವಾಸನಾಳ ತೋರಿಸಿದ್ದೆನೇ ಹೊರತು ಇದೊಂದನ್ನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದಿರಲೂ ಇಲ್ಲ. ಅದೆಲ್ಲ ಅವನಿಗೆ ಗೊತ್ತೇ ಇದೆಯಲ್ಲ, ಬಾಯಿಬಿಟ್ಟು ಹೇಳುವುದೇನು ಎಂದೇ ನಮ್ಮ ಮನೆಗಳಲ್ಲಿ ಎಲ್ಲರೂ ಬದುಕುವುದು. ಬಾಯಿಬಿಟ್ಟು ಹೇಳುವುದಕ್ಕೇ ಇರಬೇಕು ಈ ನಾಟಕ, ಈ ಸಿನಿಮಾ. ಆಕಾಶದಲ್ಲಿ ಗಾಳಿಯಿಲ್ಲದಿದ್ದರೇನು, ಜನರ ಎದೆಯಲ್ಲಿ ಸಿಕ್ಕಿಕೊಂಡದ್ದು ಹೊರಗೆ ಬರಲು ಅಷ್ಟು ಜಾಗ ಬೇಕಲ್ಲ.

ರಾಜನ ಪಾರ್ಟಿನವನು ಈಗ ಏನಾದರೂ ದೊಡ್ಡ ಮಾತು ಆಡುತ್ತಾನೆ ಎಂದು ಕಾದೆ. ಅವನು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮೆಲ್ಲಗೆ ಅಂದ.

‘ಗಂಟ್ಲಿಗಲ್ಲ ಕಣವ್ವ. ನಂಗೆ ಹೆದ್ರಿಕೆ.’

ಅಷ್ಟು ಸಲ ಸತ್ತವನು. ಪ್ರತಿ ಸಲವೂ ಎದೆಗೆ ಬಾಣ ತಗೊಂಡು ನಗುತ್ತಾ ಸತ್ತವನು. ಅವನಿಗೆ ಡಾಕ್ಟರ ಕತ್ತಿಯ ಹೆದರಿಕೆ ಇರಬಹುದೆಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ನನ್ನ ಚಿತ್ರಗಳಲ್ಲಿ ಅದಕ್ಕೊಂದು ಬಾಣದ ಗುರುತು ಇರಲಿಲ್ಲ. ನಾನು ಅವನ ಕಾಲ ಹತ್ತಿರ ನೆಲದ ಮೇಲೆ ಕೂತೆ. ನಂಗೂ ಹೆದರಿಕೆ ಅಪ್ಪ ಅಂದೆ. ನಮ್ಮ ಮನೆಯವರು ಎದ್ದು ಒಳಗೆ ಹೋಗಿ ಮೂವರಿಗೂ ಕಾಫಿ ಇಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಹಾಗೇ ಕುಡಿದೆವು.

ಲೋಟ ಕೆಳಗಿಟ್ಟು ಅಪ್ಪ ‘ನಿಮ್ಮವ್ವಂಗೆ ಫೋನ್ ಹಾಕು’ ಅಂದ. ಸ್ಪೀಕರ್ ಇಟ್ಟೆ.

ಅಮ್ಮ ಮಾತು ಕಡಿಮೆಯವಳು. ಅಪ್ಪನಂಥವನ ಜೊತೆ ಸಂಸಾರ ಮಾಡಿದವಳಿಗೆ ಮಾತಾಡಲು ಜಾಗವೆಲ್ಲಿ? ನಾಟಕದ ತಾಲೀಮು ನಡೆಯುವಾಗ ಕಾಫಿ ತಂದಿಟ್ಟು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದವಳು. ಮನೆಗೆ ಬಂದ ನೆಂಟರೂ ಅಪ್ಪನನ್ನು ಕೇಳಿ ಅಪ್ಪನಿಂದಲೇ ಅಮ್ಮನ ಯೋಗಕ್ಷೇಮ ತಿಳಿದುಕೊಂಡು ಹೋಗುತ್ತಿದ್ದರು. ಫೋನಿನಲ್ಲೂ ಅವಳದು ‘ಹೂಂ’, ‘ಊಟ ಆಯ್ತಾ’, ‘ಇಡ್ತೀನಿ’ ಅಷ್ಟೇ.

‘ಲೇ, ಕೇಳಿಸ್ಕೋ,’ ಅಂದ ಅಪ್ಪ. ‘ಆಪರೇಷನ್ ಮಾಡಿಸ್ಕಂಡ್ರೆ ಇನ್ಮೇಲೆ ನಿನ್ನ ಹೆಸ್ರು ಹಿಡಿದು ಕರೆಯಕ್ಕೂ ಆಗಲ್ಲ ನನ್ನ ಕೈಲಿ. ಜೀವ ಇದ್ರೂ ಮೂಗ. ಏನ್ಮಾಡ್ಲಿ, ನೀನೇ ಹೇಳು.’

ಆ ಕಡೆಯಿಂದ ಹಸುವಿನ ಕೊರಳ ಗಂಟೆಯ ಸದ್ದು ಬಂತು. ಲೈನು ಕಟ್ಟಾಯಿತೇನೋ ಎಂದು ನಾನು ಫೋನು ನೋಡಿದೆ. ಆಗ ಅಮ್ಮ ಮಾತಾಡಿದಳು.

‘ಹೋಗಿ ಮಾಡಿಸ್ಕಂಡು ಬನ್ನಿ. ಇಷ್ಟು ವರ್ಷ ಇಬ್ಬರ ಮಾತೂ ನೀವೇ ಆಡಿದ್ರಿ. ಇನ್ಮೇಲೆ ನಾನು ಆಡ್ತೀನಿ.’

ಅಪ್ಪ ನನ್ನ ಮುಖ ನೋಡಿದ. ಫೋನಿನಲ್ಲಿ ಅಮ್ಮ ಇನ್ನೂ ಮಾತಾಡುತ್ತಲೇ ಇದ್ದಳು. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬರುತ್ತಾಳಂತೆ, ಡಾಕ್ಟರಿಗೆ ಇವತ್ತೇ ಹೇಳಬೇಕಂತೆ. ಅಪ್ಪ ಎರಡೂ ಕೈಯಲ್ಲಿ ಫೋನು ಹಿಡಿದು ‘ಹೂಂ’ ಅಂದ, ಸ್ವಲ್ಪ ಹೊತ್ತಿಗೆ ಮತ್ತೆ ‘ಹೂಂ’ ಅಂದ.

ಈಗ ಗುಬ್ಬಿಯ ಮನೆಗೆ ಯಾರಾದರೂ ಬಂದರೆ ಅಮ್ಮ ಅಪ್ಪನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ‘ಈ ಸಲ ಕೊಬ್ಬರಿ ರೇಟು ಬಿದ್ದೋಯ್ತು ಅಂತಾವ್ರೆ ನಮ್ಮೋರು’ ಅನ್ನುತ್ತಾಳೆ. ‘ನಿಮ್ಮ ಹುಡುಗಿಗೆ ಆ ಗಂಡು ಬೇಡ ಅಂತಾವ್ರೆ’ ಅನ್ನುತ್ತಾಳೆ. ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಅಪ್ಪ, ನಾನೆಲ್ಲಿ ಹಾಗಂದೆ ಎಂದು ಎರಡೂ ಕೈ ಆಡಿಸುತ್ತಾನೆ. ಅಮ್ಮ ಅವನತ್ತ ತಿರುಗಿಯೂ ನೋಡದೆ ಮುಂದಿನ ಮಾತಿಗೆ ಹೋಗುತ್ತಾಳೆ.