ಪೆನ್ಶನ್ ಇದ್ದವನ ನಿರುದ್ಯೋಗ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸೊಲ್ಲಾಪುರದ ಕಾರ್ಮಿಕ ವಿಮಾ ಕಚೇರಿ. ಹಾಜರಿದ್ದವರು: ಮಗ್ಗ ನಡೆಸುವ ಸಿದ್ರಾಮ, ಟವೆಲ್ ಮಡಚುವ ಶಾಂತಾಬಾಯಿ ಮತ್ತು ನಾನು. ಮೂವರ ಕೆಲಸವೂ ಒಂದೇ ದಿನ ಹೋಗಿತ್ತು.

ಅಕ್ಕಲಕೋಟದ ಸರ್ಕಾರಿ ಕನ್ನಡ ಶಾಲೆಯಿಂದ ನಿವೃತ್ತನಾದ ಮೇಲೆ ಸೊಲ್ಲಾಪುರದ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಟವೆಲ್ ಕಾರ್ಖಾನೆಯಲ್ಲಿ ಹಾಜರಿ ಬರೆಯುತ್ತಿದ್ದೆ. (ಗಂಟೆ ಬಾರಿಸದೆ ನನಗೆ ದಿನ ಶುರುವಾಗುವುದಿಲ್ಲ.) ಕಾರ್ಖಾನೆಗೆ ಬೀಗ ಬಿತ್ತು. ಕೆಲಸ ಹೋದವರಿಗೆ ಸ್ವಲ್ಪ ಕಾಲ ಭತ್ಯೆ ಸಿಗುತ್ತದೆ ಎಂದು ಶಾಂತಾಬಾಯಿ ಹೇಳಿದಳು. ನನ್ನ ಪಗಾರದಿಂದಲೂ ವಿಮೆ ಹಿಡಿಯುತ್ತಿದ್ದರಲ್ಲ? ಬಸ್ ಹತ್ತಿದೆ.

ಭತ್ಯೆಯ ಆಸೆ ನನಗಿರಲಿಲ್ಲ. ಚೀಲದೊಳಗಿನ ಡಬ್ಬಿಯಲ್ಲಿ ಮೂವರಿಗಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಕಾರ್ಖಾನೆಯಲ್ಲಿ ನಮ್ಮದೊಂದು ಪದ್ಧತಿ: ಮಧ್ಯಾಹ್ನ ಯಾರೂ ತಮ್ಮ ಡಬ್ಬಿಯಿಂದ ಉಣ್ಣುವಂತಿಲ್ಲ, ಪಕ್ಕದವರದ್ದರಿಂದಲೇ. ಹೆಂಡತಿ ತೀರಿದ ಮೇಲೆ ನಾನು ಮಾತಾಡುತ್ತ ಉಂಡದ್ದು ಅಲ್ಲಿ ಮಾತ್ರ.

ನನ್ನ ಅರ್ಜಿ ನೋಡಿ ಕೌಂಟರ್ ಕಿಟಕಿಯಾಚೆಯ ಹುಡುಗಿ ನಕ್ಕಳು. "ಕಾಕಾ, ನಿಮಗ ಸರ್ಕಾರಿ ಪೆನ್ಶನ್ ಚಾಲೂ ಅದಲ್ಲ? ನೀವು ಬೇಕಾರ ಅಲ್ರಿ, ರಿಟೈರ್."

"ಕೆಲಸ ಹೋಗ್ಯಾದಲ್ಲವಾ?"

"ಹೋಗ್ಯಾದ್ರಿ. ಆದ್ರ ಈ ಭತ್ಯೆ ರಿಟೈರ್ ಆಗೋ ವಯಸ್ಸಿನ ತನಕಾ ಅಷ್ಟ."

ನಿಯಮ ಸರಿಯೇ. ಪೆನ್ಶನ್ನೂ ಭತ್ಯೆಯೂ ಒಬ್ಬನಿಗೇ ಕೊಟ್ಟರೆ ನ್ಯಾಯವೇ? ಪ್ರತಿ ತಿಂಗಳು ನನಗೆ ಬರುವಂಥದ್ದು ಇವರಿಬ್ಬರಿಗೆ ಎಂದೂ ಬರಲಾರದು.

"ಗುರುಜಿ, ನಿಮಗ ಸಾಯೋತನಕ ಪಗಾರ ಅದ," ಎಂದ ಸಿದ್ರಾಮ. "ನಮ್ಮ ಪಾಳಿಯಾಗ ಯಾಕ ನಿಂತ್ರಿ?" ಚೇಷ್ಟೆಗೇ ಅಂದದ್ದು. ಸಾಲಿನಲ್ಲಿ ಯಾರೂ ನಗಲಿಲ್ಲ.

"ಸುಮ್ನಿರೋ," ಎಂದಳು ಶಾಂತಾಬಾಯಿ. "ಮನ್ಯಾಗ ಅವರಿಗೆ ಹೊತ್ತ ಹೋಗಂಗಿಲ್ಲ."

ಅವರ ಕೆಲಸ ಮುಗಿಯುವ ತನಕ ಹೊರಗೆ ಕಾದೆ. ಬಂದರು. ಚೀಲ ಬಿಚ್ಚಿದೆ.

"ಇವತ್ತ ಬ್ಯಾಡ್ರಿ ಗುರುಜಿ. ಇನ್ನೊಂದು ಮಿಲ್ಲಿನಾಗ ಮಂದಿ ತಗೋಳಾಕತ್ತಾರಂತ. ಕೇಳಿ ಬರ್ತೀವಿ," ಎಂದ ಸಿದ್ರಾಮ. ಇಬ್ಬರೂ ಶೇರ್ ರಿಕ್ಷಾ ಹತ್ತಿದರು. ನನಗೆ ಬನ್ನಿ ಎನ್ನಲಿಲ್ಲ. ಏಕೆ ಅನ್ನಬೇಕು?

ಅಕ್ಕಲಕೋಟದ ಮನೆಗೆ ಬಂದೆ. ನನ್ನ ಡಬ್ಬಿಯಿಂದ ನಾನೇ ಉಂಡೆ. ತೊಳೆದು ಬೋರಲು ಹಾಕಿದೆ. ಆ ದಿನದ ಕೆಲಸ ಮುಗಿಯಿತು.

ಪೆನ್ಶನ್ ಇದ್ದವನಿಗೆ ಹೋಗಿದ್ದೇನು ಎಂದು ನೀವೂ ಕೇಳುತ್ತೀರಾ?