ಕೌದಿ ಮನೆಯ ವೆಬ್‌ಸೈಟಿಗೆ ಹೊಸ ಹೊದಿಕೆ

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಸುಲ್ತಾನಾಳ ಬಗ್ಗೆ ಮಂದಿ ಆಡುತ್ತಿದ್ದ ಮಾತು ಒಂದೇ: ಆಕೆಯ ಮನೆಯೊಳಗೆ ಹೋದ ಹಳೆಯ ವಸ್ತು ಕಸಕ್ಕೆ ಬೀಳುವುದಿಲ್ಲ. ಹರಿದ ಲಂಗ-ಪರಕಾರವಾಗಲಿ, ಬಣ್ಣಗೆಟ್ಟ ಇಳಕಲ್ ಸೀರೆಯಾಗಲಿ, ಒಳಗೆ ಹೋದದ್ದು ತುಂಡಿಗೆ ತುಂಡು ಕೂಡಿಸಿ ಹೊಲಿದ, ಹೊದೆಯುವ ಕೌದಿಯಾಗಿಯೇ ಹೊರಗೆ ಬರಬೇಕು. ಎದುರುಮನೆಯವರಂತೂ, "ಆಕಿ ಬಾಗಲದಾಗ ಭಾಳ ಹೊತ್ತ ನಿಂದರಬ್ಯಾಡ್ರಿ, ನಿಮ್ಮ ಸೆರಗೂ ಕತ್ತರಿಸಿ ಹಚ್ಚ್ಯಾಳು" ಎಂದು ನಗುತ್ತಿದ್ದರು. ಸುಲ್ತಾನಾಳೂ ನಗುತ್ತಿದ್ದಳು. ಕತ್ತರಿ ಮಾತ್ರ ಕೈಯಲ್ಲೇ ಇರುತ್ತಿತ್ತು.

ಗಂಡ ಅಹಮದಸಾಬ ಲಾರಿ ಮೆಕ್ಯಾನಿಕ್. ಅವನು ತೀರಿಕೊಂಡ ಮೇಲೆ ಮಗಳು ಶಾಜಿಯಾಳನ್ನು ಸಾಕಿದ್ದು ಸುಲ್ತಾನಾಳ ಸೂಜಿ. ಮನೆ ಬಾಡಿಗೆಯದು, ಬಾಗಿಲು ನೀಲಿ. ಪಡಸಾಲೆಯಲ್ಲಿ ಅಖ್ತರಬೇಗಂ ಮತ್ತು ಓಣಿಯ ಇನ್ನಷ್ಟು ಹೆಂಗಸರು ಕೌದಿಯ ಸುತ್ತ ಕುಳಿತು ಹೊಲಿಯುತ್ತಿದ್ದರು. ಸಿದ್ಧ ಕೌದಿ ಅಲ್ಲಿ ಸಿಗುತ್ತಿರಲಿಲ್ಲ. ಅವರವರ ಮನೆಯ ಸೀರೆ, ಧೋತರ ಅವರೇ ತರಬೇಕು. ಅದರಲ್ಲೇ ಅವರಿಗೆ ಕೌದಿ. ಕಡೆಯ ಮೂಲೆ ಮುಚ್ಚುವ ಮೊದಲು ಕೌದಿಯ ಮೇಲೆ ಒಂದು ತಾಟು ಬೆಲ್ಲದ ಸಜ್ಜಕ ಇಟ್ಟು, ಬಟ್ಟೆ ತಂದವರೂ ಹೊಲಿದವರೂ ಕೂಡಿ ಒಂದೊಂದು ತುತ್ತು ತಿನ್ನುವುದು ಆ ಮನೆಯ ರೂಢಿ. ಕೌದಿ ಹಸಿದುಕೊಂಡು ಮನೆ ಬಿಡಬಾರದು ಎಂದು ಸುಲ್ತಾನಾಳ ಅತ್ತೆ ಹೇಳಿಕೊಟ್ಟಿದ್ದಳು.

ಹಾಗೆ ಒಂದು ದಿನ ಸಜ್ಜಕ ತಿಂದವಳು ವಿದ್ಯಾನಗರದ ಧನಶ್ರೀ. ಆಗಿನ್ನೂ ಕಾಲೇಜು ಹುಡುಗಿ. ತೀರಿಹೋದ ಅಜ್ಜಿ ಮಂದಾಕಿನಿಬಾಯಿಯ ಸೀರೆಗಳನ್ನು ತಂದುಕೊಟ್ಟಿದ್ದಳು. ಕೌದಿ ಕೈಗೆ ಬಂದಾಗ ಅದರಲ್ಲಿ ಮುಖ ಹುದುಗಿಸಿ ಅತ್ತಳು. ಆಮೇಲೆ, ನಾನೂ ನಿಮಗೆ ಏನಾದರೂ ಮಾಡಿಕೊಡಲೇಬೇಕು ಎಂದು ಹಟ ಹಿಡಿದು ಒಂದು ವೆಬ್‌ಸೈಟು ಮಾಡಿಕೊಟ್ಟಳು. ತೆರೆದರೆ ಮೊದಲು ಕಾಣುವುದು ಆ ನೀಲಿ ಬಾಗಿಲು, ಹೊಸ್ತಿಲ ಬಳಿ ಸೂಜಿ ಹಿಡಿದು ಕುಳಿತ ಸುಲ್ತಾನಾ. ಸ್ವಲ್ಪ ದಿನಕ್ಕೆ ಪುಣೆಯಿಂದ ಫೋನು ಬಂತು. ಬೆಳಗಾವಿಯಿಂದ, ಸೊಲ್ಲಾಪುರದಿಂದ ಬಂತು. ಪಡಸಾಲೆ ಸಾಲದೆ ಹೆಂಗಸರು ಅಡುಗೆಮನೆಯವರೆಗೂ ಕುಳಿತರು. ಶಾಜಿಯಾ ಬಿ.ಎಡ್. ಮುಗಿಸಿ ಶಾಲೆಯಲ್ಲಿ ಟೀಚರಾದಳು. ನಮಾಜಿನ ನಂತರ ದುವಾ ಕೇಳುವಾಗ ಸುಲ್ತಾನಾ ಧನಶ್ರೀಯ ಹೆಸರನ್ನು ಎಂದೂ ಬಿಟ್ಟವಳಲ್ಲ.

ವರ್ಷಗಳು ಉರುಳಿದವು. ಮಂದಿ ಎಲ್ಲವನ್ನೂ ಮೊಬೈಲಿನಲ್ಲೇ ನೋಡತೊಡಗಿದರು. ಅದರಲ್ಲಿ ಈ ವೆಬ್‌ಸೈಟಿನ ಅಕ್ಷರ ಗಸಗಸೆಯಷ್ಟು ಸಣ್ಣ. ಚಿತ್ರ ಮೂಡುವುದರೊಳಗೆ ಒಲೆಯ ಮೇಲಿನ ಚಹಾ ಉಕ್ಕುತ್ತಿತ್ತು. ಅಲ್ಲಿದ್ದ ಲ್ಯಾಂಡ್‌ಲೈನ್ ಎಂದೋ ಸತ್ತಿತ್ತು. ಹೇಗೋ ಮೊಬೈಲ್ ನಂಬರು ಹುಡುಕಿ ಮಾತಾಡಿದವರೂ, ದೊಡ್ಡ ಸೈಜು ಇದೆಯೇ, ಕೆಂಪು ಬಣ್ಣದ್ದು ನಾಳೆ ಕಳಿಸುವಿರಾ ಎಂದು ಕೇಳುತ್ತಿದ್ದರು. ನಿಮ್ಮ ಸೀರೆ ನೀವೇ ಕಳಿಸಬೇಕು ಎಂಬುದು ವೆಬ್‌ಸೈಟಿನಲ್ಲಿ ಎಲ್ಲೂ ಇರಲಿಲ್ಲ. ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲದ್ದು ಅದು? ಹಾಗಾಗಿ ಬರೆಯಬೇಕೆಂದು ಧನಶ್ರೀಗೂ ಹೊಳೆದಿರಲಿಲ್ಲ, ಸುಲ್ತಾನಾಳಿಗೂ ಹೊಳೆದಿರಲಿಲ್ಲ. ಮೊದಮೊದಲು ಬಿಡಿಸಿ ಹೇಳಿದರೆ ಜನ ಕೇಳುತ್ತಿದ್ದರು. ಈಗ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಫೋನು ಕಟ್ಟಾಗುತ್ತಿತ್ತು.

ಬದಲಿಸೋಣ ಎಂದು ಶಾಜಿಯಾ ಎಷ್ಟೋ ಸಲ ಹೇಳಿದಳು. ಸುಲ್ತಾನಾ ಕಿವಿಗೆ ಹಾಕಿಕೊಳ್ಳಲಿಲ್ಲ.

"ಆಕಿ ಪ್ರೀತಿಲೆ ಮಾಡಿಕೊಟ್ಟಾಳ. ಅದನ್ನ ತಗದ ಒಗದ್ರ ಹುಡುಗಿ ಮನಸಿಗೆ ಏನ ಆಗಬ್ಯಾಡ?"

ಬಂದವರಿಗೆಲ್ಲ ಅದನ್ನೇ ತೆರೆದು ತೋರಿಸುವಳು. ಈದ್ ದಿನ ಧನಶ್ರೀ ಬಂದಾಗಲಂತೂ ಎರಡೆರಡು ಸಲ.

ಅಷ್ಟರಲ್ಲಿ ಮನೆಯ ಮಾಲೀಕರು ಗುರುಶಿದ್ದಪ್ಪ ಹಳೆಯ ಗೋಡೆಗಳನ್ನು ಕೆಡವಿ ಹೊಸದಾಗಿ ಕಟ್ಟಿಸಲು ಮನಸ್ಸು ಮಾಡಿದರು. ಗಡಿಬಿಡಿ ಮಾಡಲಿಲ್ಲ, ಉಣಕಲ್ ಹತ್ತಿರ ಗಾಳಿ ಬೆಳಕಿನ ಜಾಗವೊಂದನ್ನು ತಾವೇ ಓಡಾಡಿ ಗೊತ್ತುಮಾಡಿಕೊಟ್ಟರು. ಹೊಸ ಜಾಗ ಹೆಂಗಸರಿಗೂ ಹಿಡಿಸಿತು. ಅವರ ಹೆದರಿಕೆ ಬೇರೆಯೇ ಇತ್ತು. ವೆಬ್‌ಸೈಟು ನೋಡಿ ಬರುವ ನಾಲ್ಕು ಜನರೂ ಇನ್ನು ಕೆಡವಿದ ಮನೆಯ ಮುಂದೆ ನಿಂತು ಹೊರಳಿ ಹೋಗುತ್ತಾರೆ, ಆಮೇಲೆ ಹೊಲಿಯುವುದು ಯಾರಿಗೆ? ಅದನ್ನು ಬಾಯಿಬಿಟ್ಟು ಹೇಳಿದವಳು ಅಖ್ತರಬೇಗಂ.

"ಆಪಾ, ಆ ಹುಡುಗಿ ಮನಸ ಕಾಯಾಕ ಹೋಗಿ ನಮ್ಮ ಕೈ ಖಾಲಿ ಮಾಡಾಕತ್ತೀರಿ. ಈ ತಿಂಗಳ ನಾ ಸೂಜಿಗೆ ದಾರಾನ ಪೋಣಿಸಿಲ್ಲ."

ಮಾತು ನಾಟಿತು. ವಿದ್ಯಾನಗರಕ್ಕೆ ಹೋಗಿ ಹೇಳಿಯೇ ಬಿಡಬೇಕು ಎಂದು ಸುಲ್ತಾನಾ ದಿನವೂ ಅಂದುಕೊಂಡಳು, ದಿನವೂ ಹೋಗಲಿಲ್ಲ. ಕಡೆಗೆ ಧನಶ್ರೀಯೇ ಬಂದಳು, ಬಗಲಲ್ಲಿ ಅಜ್ಜಿಯ ಕೌದಿ. ಅವಳ ಮಗ ಎಳೆದಾಡಿ ಎಳೆದಾಡಿ ಅದು ಜೀರ್ಣವಾಗಿತ್ತು. ಮೊದಲು ಹೇಗಿತ್ತೋ ಹಾಗೆಯೇ ಮಾಡಿಕೊಡಿ ಎಂದಳು. ಸುಲ್ತಾನಾ ಒಂದು ಹೊಲಿಗೆ ಹಾಕಿ ಎಳೆದು ನೋಡಿದಳು. ಸೂಜಿ ಹೋದಲ್ಲೇ ಬಟ್ಟೆ ಬಾಯಿ ಬಿಟ್ಟಿತು.

"ಇದಕ್ಕ ತ್ಯಾಪಿ ನಿಂದರಂಗಿಲ್ಲ ಮಗಳ. ಇದನ್ನ ಹೊಟ್ಟಿಯೊಳಗ ಇಟ್ಟು ಮ್ಯಾಲ ಹೊಸಾ ಕೌದಿ ಹೊಲಿಯೋಣು, ನಿನ್ನ ಸೀರಿ ತಂದಕೊಡು. ಅಜ್ಜಿ ಸೀರಿ ಎಲ್ಲಿಗೂ ಹೋಗಂಗಿಲ್ಲ, ಒಳಗ ಬೆಚ್ಚಗ ಇರತಾವು."

"ಇಷ್ಟ ಛಲೋ ಹೊಲದೀರಿ ಮೌಶಿ. ಅದನ್ನ ಮುಚ್ಚಿದ್ರ ನಿಮಗ ಬ್ಯಾಸರ ಆಗಂಗಿಲ್ಲೇನು?"

"ಬ್ಯಾಸರ ಯಾಕ? ನೀವು ಹೊದಕೊಂಡೀರಿ, ಸವದೈತಿ. ನಾ ಹೊಲದಕೊಟ್ಟಿದ್ದ ಅದಕ್ಕ ಅಲ್ಲ?"

ಅಂದವಳಿಗೆ ತನ್ನ ಮಾತು ತನಗೇ ತಾಗಿತು, ಸೂಜಿ ಕೆಳಗಿಟ್ಟಳು. ಆಚೆ ಮೂಲೆಯಲ್ಲಿ ಅಖ್ತರಬೇಗಂ ಕೆಮ್ಮಿದಳು. ಸುಲ್ತಾನಾ ತಲೆ ತಗ್ಗಿಸಿ, ಸಿಟ್ಟಾಗಬೇಡ ಎಂದು ಶುರುಮಾಡಿ, ವೆಬ್‌ಸೈಟಿನ ಕಥೆಯನ್ನೆಲ್ಲ ಹೇಳಿಬಿಟ್ಟಳು. ಧನಶ್ರೀ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಸುಲ್ತಾನಾಳಿಗೆ ಗಾಬರಿ. ನೋಡಿದರೆ ಅವಳು ನಗುತ್ತಿದ್ದಳು.

"ಮೌಶಿ, ಅದನ್ನ ನೋಡಿದಾಗೊಮ್ಮೆ ನನಗ ನಾಚಿಕಿ ಬರ್ತದ. ಇನ್ನೂ ಕಲೀಲಿಕ್ಕತ್ತಿದ್ದಾಗ ಮಾಡಿದ್ದದು. ನೀವು ಅಷ್ಟ ಅಭಿಮಾನದಿಂದ ತೋರಸ್ತೀರಿ, ಬದಲಿ ಮಾಡೋಣು ಅನ್ನಲಿಕ್ಕೆ ಬಾಯಿ ಬರಲಿಲ್ಲ."

"ಇಬ್ಬರೂ ಶ್ಯಾಣ್ಯಾರ," ಎಂದಳು ಅಖ್ತರಬೇಗಂ. "ನಡುವ ಸತ್ತಾವ್ರು ನಾವು."

ಬಣ್ಣ ಯಾವುದಿರಲಿ ಎಂದು ಧನಶ್ರೀ ಕೇಳಲಿಲ್ಲ. ಫೋನು ಮಾಡಿದವರು ಮೊದಲು ಏನು ಕೇಳುತ್ತಾರೆ, ಎಲ್ಲಿ ಬೇಸತ್ತು ಇಡುತ್ತಾರೆ ಎಂದು ಕೇಳಿದಳು. ಹೆಂಗಸರೆಲ್ಲ ಒಟ್ಟಿಗೇ ಹೇಳತೊಡಗಿದರು. ಹೊಸ ವೆಬ್‌ಸೈಟು ಹುಟ್ಟಿದ್ದು ಆ ಗದ್ದಲದಲ್ಲೇ. ಮೊಬೈಲಿನಲ್ಲಿ ತೆರೆದೊಡನೆ ದಪ್ಪ ಅಕ್ಷರದಲ್ಲಿ: ಸೀರೆ ನಿಮ್ಮದು, ಹೊಲಿಗೆ ನಮ್ಮದು. ಕೆಳಗೆ ಉಣಕಲ್ಲಿನ ವಿಳಾಸ, ಬೆರಳು ಒತ್ತಿದರೆ ಸುಲ್ತಾನಾಳ ಮೊಬೈಲಿಗೇ ಹೋಗುವ ನಂಬರು. ನೀಲಿ ಬಾಗಿಲಿನ ಚಿತ್ರವನ್ನು ಧನಶ್ರೀ ಅಳಿಸಲಿಲ್ಲ, ಒಳಪುಟವೊಂದರಲ್ಲಿ ಬೆಚ್ಚಗೆ ಇಟ್ಟಳು.

ಮಿರಜದಿಂದ ಒಬ್ಬಾಕೆ ಫೋನು ಮಾಡಿದಳು. ಸೈಜು ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ನಮ್ಮ ತಾಯಿಯ ಸೀರೆಗಳನ್ನು ಯಾವಾಗ ಕಳಿಸಲಿ ಎಂದಳು. ಅಖ್ತರಬೇಗಂ ಕನ್ನಡಕ ಒರೆಸಿಕೊಂಡು ಸೂಜಿ ಹುಡುಕಿದಳು.

ಆ ಮನೆಯಲ್ಲಿ ಹೊಲಿದ ಕಡೆಯ ಕೌದಿ ಧನಶ್ರೀಯದೇ. ಮೂಲೆ ಮುಚ್ಚುವ ಮೊದಲು ಸಜ್ಜಕ ಹಂಚಿದರು. ಕೀಲಿಗೆಂದು ಬಂದು ನಿಂತ ಗುರುಶಿದ್ದಪ್ಪನವರಿಗೂ ಒಂದು ತುತ್ತು. ಸಾಮಾನೆಲ್ಲ ಮೊದಲೇ ಹೋಗಿತ್ತು. ಸುಲ್ತಾನಾ ಖಾಲಿ ಪಡಸಾಲೆ ಗುಡಿಸಿ, ಸಿಕ್ಕ ದಾರದ ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಗೆ ಆಟೋದಲ್ಲಿ ಧನಶ್ರೀ ಕಾಯುತ್ತಿದ್ದಳು.

ಆಗ ಓಣಿಯ ತುದಿಯಿಂದ ಬಟ್ಟೆಯ ಗಂಟು ಹೊತ್ತ ಮುದುಕರೊಬ್ಬರು ಬಂದರು. ಉಪ್ಪಿನಬೆಟಗೇರಿಯವರು. ಸೊಸೆ ಎಂದೋ ಮೊಬೈಲಿನಲ್ಲಿ ತೋರಿಸಿದ್ದ ನೀಲಿ ಬಾಗಿಲನ್ನು ನೆನಪಿಟ್ಟುಕೊಂಡು, ಕೇಳುತ್ತ ಕೇಳುತ್ತ ಬಂದಿದ್ದರು. ಗಂಟಿನಲ್ಲಿ ತೀರಿಹೋದ ಹೆಂಡತಿಯ ಸೀರೆಗಳು.

"ಕೌದಿ ಹೊಲಿಯೋ ಮನಿ ಇದ ಹೌದಲ್ರಿ?"

"ಹೌದ್ರಿ ಕಾಕಾ. ಬರ್ರಿ, ಆಟೋದಾಗ ಕೂಡ್ರಿ." ಸುಲ್ತಾನಾ ಗಂಟು ಇಳಿಸಿಕೊಂಡು ಧನಶ್ರೀಯ ಕಡೆ ತಿರುಗಿದಳು. "ನೋಡ, ನಿನ್ನ ಹಳೇದು ಹೋಗೂ ಮುಂದೂ ಒಬ್ಬರನ್ನ ಕರಕೊಂಡ ಬಂತು."

ನೀಲಿ ಬಾಗಿಲು ಎಳೆದು ಕೀಲಿ ಹಾಕಿ, ಕೀಲಿಕೈಯನ್ನು ಗುರುಶಿದ್ದಪ್ಪನವರಿಗೆ ಕೊಟ್ಟಳು. ಬಾಗಿಲಿನ ಮೇಲೆ ಅಂಗೈ ಇಟ್ಟು ತುಸು ನಿಂತಳು. ಆಮೇಲೆ ಆ ಮುದುಕರ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಆಟೋ ಹತ್ತಿದಳು.