ಮೂಲೆಯ ಕೊಂಡಿ

ಭಟ್ಕಳ ಬಂದರಿನಿಂದ ಒಂದೇ ವಾರದಲ್ಲಿ ಮೂರು ಅಲಾರಂ ಪೆಟ್ಟಿಗೆಗಳು ವಾಪಸು ಬಂದವು. ದೋಣಿಯ ತಳದಲ್ಲಿ ನೀರು ಏರಿದರೆ ಕೂಗಿ ಎಚ್ಚರಿಸಬೇಕಾದ ಪೆಟ್ಟಿಗೆಗಳು, ಮೂರೂ ಮೂಕವಾಗಿದ್ದವು. ಹೊನ್ನಾವರದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಅವು ತಯಾರಾಗುತ್ತವೆ. ಒಳಗಿನ ಸರ್ಕ್ಯೂಟ್ ಬೋರ್ಡಿನ ನಕ್ಷೆ ನನ್ನದು.

"ಉಪ್ಪುನೀರು ಹೊಕ್ಕಿರ್ಬೇಕು" ಎಂದರು ಮಾಲೀಕರು.

ಬಿಚ್ಚಿ ನೋಡಿದೆ. ಒಳಗೆ ಹನಿ ನೀರಿನ ಕಲೆಯೂ ಇರಲಿಲ್ಲ.

"ಹಾಗಾದ್ರೆ ಹಾಳೆಯಿಂದ ಬೋರ್ಡು ಮುರಿದು ತೆಗೆವಾಗ್ಲೇ ಹಾಳಾಗಿದೆ" ಎಂದು ಅವರು ಕಿಟಕಿ ಬದಿಯ ಮೇಜಿನತ್ತ ನೋಡಿದರು. ಅಲ್ಲಿ ಕೂರುವವರು ಕಾಗಾಲದಿಂದ ಬರುವ ಒಬ್ಬ ಹೆಂಗಸು. ನನಗಿಂತ ಹಿರಿಯರು, ಆರು ವರ್ಷಗಳಿಂದ ಅದೇ ಕೆಲಸ.

ನಮಗೆ ಬೋರ್ಡುಗಳು ಬಿಡಿಯಾಗಿ ಬರುವುದಿಲ್ಲ. ಹತ್ತು ಸೇರಿ ಒಂದು ಹಾಳೆ. ಉಗುರಿನಗಲದ ಕೊಂಡಿಗಳು ಅವನ್ನು ಹಿಡಿದಿಟ್ಟಿರುತ್ತವೆ. ಹರಿಯಲು ಅನುಕೂಲವಾಗಲೆಂದು ಅಂಚೆಚೀಟಿಗಳ ನಡುವೆ ಇರುವಂತೆ, ಪ್ರತಿ ಕೊಂಡಿಯಲ್ಲೂ ಸಾಲು ತೂತು. ಬೆಸುಗೆ ಮುಗಿದ ಮೇಲೆ ಕೈಯಿಂದ ಬಗ್ಗಿಸಿ ಒಂದೊಂದನ್ನೇ ಮುರಿದು ತೆಗೆಯಬೇಕು.

ನಾನು ಅವರ ಪಕ್ಕದಲ್ಲಿ ಕೂತು, "ಹೇಗೆ ಮುರೀತ್ರಿ, ಒಮ್ಮೆ ತೋರ್ಸಿ" ಎಂದೆ.

"ಎಂತಕ್ಕೆ? ನಾ ತಪ್ಪು ಮಾಡಿದ್ನಾ?"

"ತಪ್ಪು ನಕ್ಷೇದೇ ಇರ್ಬಹುದು."

ಅವರು ಒಂದು ಹಾಳೆ ಎತ್ತಿಕೊಂಡರು. "ಈ ಬದಿದು ಸಲೀಸು. ಆ ಮೂಲೆದು ಮಾತ್ರ ಗಟ್ಟಿ, ಮೂರ್ನಾಲ್ಕು ಸಲ ಬಗ್ಗಿಸ್ಬೇಕು. ಮೊದ್ಲಿನ ಬೋರ್ಡು ಹಿಂಗಿರ್ಲಿಲ್ಲ."

"ಯಾರಿಗೂ ಹೇಳ್ಲಿಲ್ವಾ?"

"ನಿಮಗೇ ಹೇಳಿದ್ದೆ. ಆತು, ನೋಡುವ ಅಂದ್ರಿ."

ಹೇಳಿದ್ದರು, ನನಗೆ ನೆನಪಾಯಿತು. ಬೆಸುಗೆಯ ಬಿಸಿಗೆ ಹಾಳೆ ಜೋಲಬಾರದೆಂದು ಆ ಮೂಲೆಯ ಕೊಂಡಿಯಲ್ಲಿ ಐದು ತೂತುಗಳನ್ನು ಮೂರಕ್ಕೆ ಇಳಿಸಿದವಳು ನಾನೇ. ಅದರ ಬದಿಗೇ ಅಕ್ಕಿಕಾಳಿಗಿಂತ ಸಣ್ಣ ಕೆಪಾಸಿಟರ್ ಇಟ್ಟವಳೂ ನಾನೇ. ವಾಪಸು ಬಂದ ಬೋರ್ಡಿನ ಮೇಲೆ ಭೂತಗನ್ನಡಿ ಹಿಡಿದಾಗ ಕೆಪಾಸಿಟರಿನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮೂರು ಪೆಟ್ಟಿಗೆಗಳಲ್ಲೂ ಅದೇ ಜಾಗ. ಮತ್ತೆ ಮತ್ತೆ ಬಗ್ಗಿಸಿದ್ದಕ್ಕೆ ಬಿರಿದಿತ್ತು, ಅದು ಬಿರಿದರೆ ಪೆಟ್ಟಿಗೆ ಕೂಗುವುದಿಲ್ಲ.

ಮಾಲೀಕರ ಬಳಿ ಹೋಗಿ, "ಅವರ ಕೈ ಸರಿ ಇದೆ. ನನ್ನ ನಕ್ಷೆ ತಪ್ಪು. ಸರಿ ಮಾಡಲು ನನಗೆ ಬರ್ತದೆ" ಎಂದೆ. ನಾಚಿಕೆಯಾಗಿದ್ದು ನಿಜ, ಆದರೆ ಹೆದರಿಕೆ ಇರಲಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ಉಳಿಯುವುದು ಕೆಲಸ ಮಾತ್ರ.

ತೂತುಗಳನ್ನು ಮತ್ತೆ ಐದು ಮಾಡಿದೆ. ಕೊಂಡಿಯ ನಡುವೆ ಇದ್ದ ಸಾಲನ್ನು ಬೋರ್ಡಿನ ಅಂಚಿಗೇ ತಂದೆ. ಮುರಿದ ಮೇಲೆ ಹಲ್ಲಿನಂತೆ ಚೂರು ಉಳಿಯಬಾರದಲ್ಲ. ಕೆಪಾಸಿಟರನ್ನು ಒಳಗೆ ಸರಿಸಿ, ಬಗ್ಗಿಸುವಾಗ ಬಿರಿಯದಂತೆ ಅಂಚಿಗೆ ಸಮಾನಾಂತರವಾಗಿ ಮಲಗಿಸಿದೆ. ಬೋರ್ಡು ಮಾಡಿಕೊಡುವವರು ಫೋನಿನಲ್ಲಿ, "ಮೇಡಂ, ಇಷ್ಟು ತೂತಾದರೆ ಸಾಗಿಸುವಾಗಲೇ ಮುರಿದೀತು" ಎಂದರು.

"ಮುರಿಯೋದಿಲ್ಲ, ಕಳಿಸಿ" ಎಂದೆ.

ಹಾಳೆಗಳು ಇಡಿಯಾಗಿಯೇ ಬಂದವು, ಬೆಸುಗೆಯ ಬಿಸಿಗೂ ಜೋಲಲಿಲ್ಲ. ಕಾಗಾಲದ ಹೆಂಗಸು ಮೊದಲ ಹಾಳೆಯನ್ನು ಹಿಡಿದು ಬಗ್ಗಿಸಿದರು. ಒಂದೇ ಸಲಕ್ಕೆ ಟಕ್ ಎಂದಿತು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಈಗ ಆತು ನೋಡಿ" ಎಂದರು.

ಅವರನ್ನೂ ಕರೆದುಕೊಂಡು ಭಟ್ಕಳಕ್ಕೆ ಹೋಗಿ ಮೂರು ದೋಣಿಗಳಿಗೂ ಹೊಸ ಪೆಟ್ಟಿಗೆ ಕೂರಿಸಿದೆ. ಹಳೆಯ ನಕ್ಷೆಯ ಉಳಿದ ಪೆಟ್ಟಿಗೆಗಳನ್ನೂ ವಾಪಸು ತರಿಸಿದೆವು.

ಈಗ ನನ್ನ ಪ್ರತಿ ನಕ್ಷೆಯೂ ಹೊರಗೆ ಹೋಗುವ ಮೊದಲು ಅವರ ಮೇಜಿಗೆ ಹೋಗುತ್ತದೆ. ಕಳೆದ ತಿಂಗಳು ಒಂದಕ್ಕೆ ಅವರು ತಕರಾರು ತೆಗೆದರು. ಅರ್ಧ ತಾಸು ವಾದಿಸಿದೆವು. ಆ ಸಲ ನನ್ನದೇ ಸರಿ ಇತ್ತು.